ಗರಿಯಲ್ಲಿ ನೊಣ ಕಟ್ಟಿದ ಥಿಯೋಡೋರ್ ಗಾರ್ಡನ್

ಮೀನು ಹಿಡಿಯೋದು ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಗಾಳ, ಎರೆಹುಳು, ತಾಳ್ಮೆ, ಇಷ್ಟೇ. ಟ್ರೌಟ್ ಮೀನು ಹಿಡಿಯುವವರದ್ದು ಬೇರೆ ದಾರಿ. ಪುಟ್ಟ ಗಾಳಕ್ಕೆ ಹಕ್ಕಿ ಗರಿ, ರೇಷ್ಮೆ ದಾರ ಸುತ್ತಿ ನೀರಿನ ಹುಳದ ಥರ ಕಾಣುವ ನಕಲಿ ನೊಣ ಮಾಡ್ತಾರೆ. ಅದಕ್ಕೆ ಫ್ಲೈ ಅಂತ ಹೆಸರು. ಅಮೆರಿಕದಲ್ಲಿ ನೀರಿನ ಮೇಲೆ ತೇಲುವ ಫ್ಲೈ ವಿಷಯ ಬಂದರೆ ಮೊದಲು ಬರುವ ಹೆಸರು ಥಿಯೋಡೋರ್ ಗಾರ್ಡನ್ ಅವರದ್ದು.

ಅವರು ಹುಟ್ಟಿದ್ದು 1854ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ. ಆರೋಗ್ಯ ಯಾವತ್ತೂ ಗಟ್ಟಿಯಾಗಿರಲಿಲ್ಲ. ಫ್ಲೈ ಕಟ್ಟುವುದನ್ನು ಹುಡುಗನಾಗಿದ್ದಾಗಲೇ ಶುರು ಮಾಡಿದರು. ಗುರು ಅಂದರೆ ಪುಸ್ತಕ: ಥ್ಯಾಡಿಯಸ್ ನಾರಿಸ್ 1864ರಲ್ಲಿ ಪ್ರಕಟಿಸಿದ ಮೀನುಗಾರಿಕೆಯ ಪುಸ್ತಕ. ಈಗ ನಾವು ಏನು ಕಲಿಯಬೇಕಾದರೂ ವಿಡಿಯೋ ಹಾಕಿ, ಅರ್ಥ ಆಗದಿದ್ದರೆ ಹಿಂದಕ್ಕೆ ಎಳೆದು ನೋಡ್ತೀವಿ. ಬೆರಳಿನ ಕೆಲಸವನ್ನು ಬರೀ ಅಕ್ಷರ ಓದಿ ಕಲಿಯೋದು ಹೇಗಿರುತ್ತೆ ಅಂತ ಯೋಚನೆ ಮಾಡಿ.

ಆಗ ಅಮೆರಿಕದಲ್ಲಿ ಬಳಕೆಯಲ್ಲಿದ್ದದ್ದು ಹೆಚ್ಚಾಗಿ ಮುಳುಗುವ ಫ್ಲೈ. ಅಷ್ಟರಲ್ಲಿ ನದಿಯೇ ಬದಲಾಗುತ್ತಿತ್ತು. 1883ರಲ್ಲಿ ಜರ್ಮನಿಯಿಂದ ಬ್ರೌನ್ ಟ್ರೌಟ್‌ನ ಮೊಟ್ಟೆಗಳು ಬಂದವು. ಆ ಮೀನು ಅಲ್ಲಿನ ಹಳೆಯ ಬ್ರೂಕ್ ಟ್ರೌಟ್‌ನಷ್ಟು ಸುಲಭಕ್ಕೆ ಮೋಸ ಹೋಗುವಂಥದ್ದಲ್ಲ. ನೀರಿನ ಮೇಲೆ ಕೂತ ಹುಳವನ್ನು ನೋಡಿ, ಅಳೆದು ತಿನ್ನುತ್ತದೆ. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಫ್ರೆಡರಿಕ್ ಹಾಲ್‌ಫರ್ಡ್ ಅವರು ತೇಲುವ ಫ್ಲೈಗಳ ಬಗ್ಗೆ 1886ರಲ್ಲಿ ಪುಸ್ತಕ ಬರೆದಿದ್ದರು. ಗಾರ್ಡನ್ ನೇರವಾಗಿ ಅವರಿಗೇ ಪತ್ರ ಹಾಕಿದರು. 1890ರ ಫೆಬ್ರವರಿಯಲ್ಲಿ ಉತ್ತರ ಬಂತು, ಜೊತೆಗೆ ಹಾಲ್‌ಫರ್ಡ್ ಅವರ ಫ್ಲೈಗಳೂ ಬಂದವು. ಸಮುದ್ರದ ಆಚೆಗಿನ ಗುರುತಿಲ್ಲದ ಒಬ್ಬರಿಗೆ ಇಷ್ಟು ಮಾಡಿದ್ದು ದೊಡ್ಡ ಮನಸ್ಸು ಅಂತಲೇ ನಮಗೆ ಅನಿಸುತ್ತೆ.

ಆ ಫ್ಲೈಗಳನ್ನು ಹಾಗೇ ನಕಲು ಮಾಡಿ ಕೂತಿದ್ದರೆ ಗಾರ್ಡನ್ ಬಗ್ಗೆ ನಾವು ಬರೆಯುತ್ತಲೇ ಇರಲಿಲ್ಲ. ಹಾಲ್‌ಫರ್ಡ್ ಅವರ ಹೊಳೆಗಳು ದಕ್ಷಿಣ ಇಂಗ್ಲೆಂಡಿನ ಸುಣ್ಣಕಲ್ಲಿನ ನಾಡಿನವು. ನೀರು ತಿಳಿ, ಹರಿವು ನಿಧಾನ. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳ ನೆವರ್‌ಸಿಂಕ್, ಬೀವರ್‌ಕಿಲ್ ನದಿಗಳು ಕಲ್ಲುಗಳ ಮೇಲೆ ನುಗ್ಗಿ ಬರುವಂಥವು. ಅಲ್ಲಿನ ಹುಳಗಳೂ ಬೇರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸ್ಪೆಸಿಫಿಕೇಶನ್ನೇ ಬೇರೆ. ಗಾರ್ಡನ್ ನದಿಯಲ್ಲಿ ನಿಂತು ಅಲ್ಲಿನ ಹುಳಗಳನ್ನು ನೋಡಿ, ಅವುಗಳ ಬಣ್ಣ, ಅಳತೆಗೆ ತಕ್ಕ ಹಾಗೆ ಫ್ಲೈ ಕಟ್ಟತೊಡಗಿದರು.

ಅವರ ಹೆಸರೇ ಹೊತ್ತ ಕ್ವಿಲ್ ಗಾರ್ಡನ್ ಅನ್ನು ನೋಡಿ. ಮೈಗೆ ಬೇಕಾಗಿದ್ದು ನಮ್ಮ ನವಿಲಿನ ಗರಿ! ಗರಿಯ ಕಣ್ಣಿನ ಭಾಗದಿಂದ ಒಂದೇ ಒಂದು ಎಳೆ ತೆಗೆದು, ಅದರ ಮೇಲಿನ ನವಿರು ತುಪ್ಪಳವನ್ನು ಉಗುರಲ್ಲಿ ಕೆರೆದು ತೆಗೆಯಬೇಕು. ಉಳಿಯುವ ಎಳೆಗೆ ಒಂದು ಅಂಚು ತಿಳಿ, ಒಂದು ಅಂಚು ಕಪ್ಪು. ಗಾಳಕ್ಕೆ ಸುತ್ತುತ್ತಾ ಹೋದರೆ ಹುಳದ ಹೊಟ್ಟೆಯ ಹಾಗೆ ಪಟ್ಟೆ ಪಟ್ಟೆ ಬರುತ್ತೆ. ಒಣಗಿದ್ದರೆ ಪಟ್ ಅಂತ ಮುರಿಯುತ್ತೆ, ಅದಕ್ಕೇ ಮೊದಲು ನೆನೆಸುತ್ತಾರೆ. ಮೀನಿನ ಹಲ್ಲಿಗೆ ಬೇಗ ಹರಿಯದಿರಲಿ ಅಂತ ಮೇಲೆ ಸಣ್ಣ ಚಿನ್ನದ ಬಣ್ಣದ ತಂತಿ. ರೆಕ್ಕೆಗೆ ವುಡ್ ಡಕ್ ಎಂಬ ಬಾತಿನ ಪಕ್ಕೆಯ ಗರಿ. ಬಾಲಕ್ಕೂ ಕಾಲಿಗೂ ಹೊಗೆಬಣ್ಣದ ಹುಂಜದ ಗರಿ. ತೇಲುವ ಗುಟ್ಟು ಇರೋದು ಇಲ್ಲೇ. ಹೇಂಟೆಯ ಗರಿ ಮೆತ್ತಗೆ, ನೀರು ಕುಡಿದು ಮುಳುಗುತ್ತೆ. ಹುಂಜದ ಕತ್ತಿನ ಗರಿ ಬಿರುಸು. ಕಾಲುಗಳ ಹಾಗೆ ಸುತ್ತ ಹರಡಿ ನಿಂತು ಭಾರ ಹಂಚುತ್ತೆ, ಮಿಕ್ಕಿದ್ದು ಸರ್ಫೇಸ್ ಟೆನ್ಶನ್ ನೋಡಿಕೊಳ್ಳುತ್ತೆ. ಆ ಬಣ್ಣದ ಒಳ್ಳೆ ಗರಿ ಸಿಗುವುದೇ ಕಷ್ಟ, ಅವರ ಪತ್ರಗಳಲ್ಲಿ ಈ ಗೋಳು ಮತ್ತೆ ಮತ್ತೆ ಬರುತ್ತೆ.

ಮದುವೆ ಆಗಲಿಲ್ಲ. ನದಿಯಲ್ಲಿ ಒಬ್ಬ ಮಹಿಳೆಯ ಜೊತೆ ನಿಂತ ಫೋಟೋ ಒಂದಿದೆ, ಆಕೆ ಯಾರು ಅಂತ ಇವತ್ತಿಗೂ ಪತ್ತೆ ಆಗಿಲ್ಲ. ಕೊನೆಯ ವರ್ಷಗಳನ್ನು ನೆವರ್‌ಸಿಂಕ್ ಕಣಿವೆಯಲ್ಲಿ ಕಳೆದರು. ಚಳಿಗಾಲವೆಲ್ಲ ಫ್ಲೈ ಕಟ್ಟಿ ಮಾರುವುದು, ಪತ್ರಿಕೆಗಳಿಗೆ ಬರೆಯುವುದು. ಪುಸ್ತಕ ಬರೆಯಲಿಲ್ಲ. ಅವರ ಬರಹ, ಪತ್ರಗಳನ್ನು ಜಾನ್ ಮೆಕ್‌ಡೊನಾಲ್ಡ್ ಒಟ್ಟು ಮಾಡಿ ಪ್ರಕಟಿಸಿದ್ದು 1947ರಲ್ಲಿ.

ಪತ್ರದಲ್ಲಿ ಇಷ್ಟು ಧಾರಾಳವಾಗಿದ್ದವರು ಎದುರಿಗೆ ಕೂರಿಸಿಕೊಂಡು ಕಲಿಸುವುದರಲ್ಲಿ ಮಾತ್ರ ಜಿಪುಣ. ಹಾಲ್‌ಫರ್ಡ್ ತಮಗೆ ಮಾಡಿದ್ದನ್ನು ನೆನೆದರೆ ಇದು ನಮಗೆ ಸ್ವಲ್ಪ ಬೇಜಾರೇ. ಕಲಿತವರು ರಾಯ್ ಸ್ಟೀನ್‌ರಾಡ್, ಹತ್ತಿರದ ಲಿಬರ್ಟಿ ಊರಿನ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದವರು. 1915ರ ಮೇ 1ರಂದು ಗಾರ್ಡನ್ ತೀರಿಕೊಂಡರು. ಮರುವರ್ಷ ಬೀವರ್‌ಕಿಲ್ ದಡದಲ್ಲಿ ಸ್ಟೀನ್‌ರಾಡ್ ಅಲ್ಲಿನ ಇನ್ನೊಂದು ಹುಳ ನೋಡಿ ಹೆಂಡ್ರಿಕ್ಸನ್ ಎಂಬ ಹೊಸ ಫ್ಲೈ ಕಟ್ಟಿದರು. ಮುಂದೆ ಅವರು ಸ್ಕೌಟ್ ಹುಡುಗರಿಗೆಲ್ಲ ಫ್ಲೈ ಕಟ್ಟಲು ಹೇಳಿಕೊಟ್ಟರು.