ಕಪಾಟಿನಾಚೆ ಯೋಚಿಸಿದ ಗಣಿತ ಮೇಷ್ಟ್ರು

1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತ ಪಾಠ ಮಾಡಲು ಒಬ್ಬ ಯುವಕ ಬಂದರು. ಊರು ತಂಜಾವೂರು ಜಿಲ್ಲೆಯ ಶಿಯಾಳಿ. ಓದಿದ್ದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ, ಗಣಿತದ ಎಂ.ಎ. ಮಾತಾಡುವಾಗ ತೊದಲು ಬೇರೆ, ಆದರೂ ಮೇಷ್ಟ್ರಾಗಬೇಕು ಅನ್ನೋದೇ ಆಸೆ. ಹೆಸರು ಎಸ್. ಆರ್. ರಂಗನಾಥನ್. ಲೈಬ್ರರಿ ಸೈನ್ಸ್ ಓದುವವರಿಗೆ ಈ ಹೆಸರು ಪಾಠದ ಮೊದಲ ಪುಟದಲ್ಲೇ ಸಿಗುತ್ತೆ. ಇಂಜಿನಿಯರಿಂಗ್‌ನವರಾದ ನಮಗೆ ಅಷ್ಟಾಗಿ ಪರಿಚಯವಿಲ್ಲ. ಆದರೆ ನಾಳೆ ನಾವು ಸೇರುವ ಕಂಪನಿಯಲ್ಲಿ ಬಿಲ್ಲು, ಡ್ರಾಯಿಂಗು, ಕರಾರುಪತ್ರ, ವಿಡಿಯೊ ಎಲ್ಲವನ್ನೂ ಇಡುವ ಡಾಕ್ಯುಮೆಂಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಇರುತ್ತಲ್ಲ, ಅದು ನಿಂತಿರೋ ಒಂದು ಮುಖ್ಯ ವಿಚಾರವನ್ನು ಈ ಮೇಷ್ಟ್ರು 1933ರಲ್ಲೇ ಪುಸ್ತಕ ಮಾಡಿ ಅಚ್ಚು ಹಾಕಿಸಿದ್ದರು.

ಅವರು ಆ ದಾರಿಗೆ ಬಂದಿದ್ದು ಇಷ್ಟಪಟ್ಟೇನೂ ಅಲ್ಲ. ಮದ್ರಾಸ್ ವಿಶ್ವವಿದ್ಯಾಲಯ ತನ್ನ ಮೊದಲ ಲೈಬ್ರರಿಯನ್ ಹುದ್ದೆಗೆ ಅರ್ಜಿ ಕರೆದಾಗ ಸುಮಾರು 900 ಜನ ಅರ್ಜಿ ಹಾಕಿದ್ದರಂತೆ. ಸಂದರ್ಶನಕ್ಕೆ ರಂಗನಾಥನ್ ಮಾಡಿಕೊಂಡ ತಯಾರಿ ಅಂದ್ರೆ ಬ್ರಿಟಾನಿಕಾ ವಿಶ್ವಕೋಶದ ಒಂದು ಲೇಖನ ಓದಿದ್ದು! ಪ್ಲೇಸ್‌ಮೆಂಟ್‌ಗೆ ಹಿಂದಿನ ರಾತ್ರಿ ಓದುವ ನಮಗೆ ಇದರಲ್ಲಿ ಹೊಸದೇನೂ ಕಾಣಲ್ಲ ಬಿಡಿ. 1924ರ ಜನವರಿಯಲ್ಲಿ ಕೆಲಸಕ್ಕೆ ಸೇರಿದರು. ಕೆಲವೇ ವಾರದಲ್ಲಿ ಸಾಕಾಗಿಹೋಯಿತು. ಮೌನವಾದ ಕಟ್ಟಡ, ಮಾತಾಡಲು ಒಬ್ಬ ವಿದ್ಯಾರ್ಥಿಯೂ ಇಲ್ಲ. ನನ್ನನ್ನು ಮತ್ತೆ ಪಾಠಕ್ಕೆ ಕಳಿಸಿ ಅಂತ ಅಧಿಕಾರಿಗಳ ಹತ್ತಿರ ಹೋದರು. ಅವರು ಹಾಕಿದ ಷರತ್ತು: ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಆಮೇಲೂ ಮನಸ್ಸು ಬಾರದಿದ್ದರೆ ಗಣಿತಕ್ಕೇ ವಾಪಸ್.

ಲಂಡನ್ನಿನಲ್ಲಿ ಅವರು ತರಗತಿಗಿಂತ ಹೆಚ್ಚು ಕಲಿತಿದ್ದು ಲೈಬ್ರರಿಗಳನ್ನು ಸುತ್ತಿ. ನೂರಕ್ಕೂ ಹೆಚ್ಚು ನೋಡಿದರು. ಎಲ್ಲ ಕಡೆ ಒಂದು ತೊಂದರೆ ಕಣ್ಣಿಗೆ ಬಿತ್ತು. ಆಗ ಚಾಲ್ತಿಯಲ್ಲಿದ್ದ ಡ್ಯೂಯಿ ಪದ್ಧತಿಯಲ್ಲಿ ಜ್ಞಾನವೆಲ್ಲ ಒಂದು ದೊಡ್ಡ ಮರ, ಪ್ರತಿ ವಿಷಯಕ್ಕೂ ಅದರಲ್ಲಿ ಮೊದಲೇ ಗೊತ್ತು ಮಾಡಿದ ಒಂದು ಕೊಂಬೆ. ಎರಡು ಮೂರು ವಿಷಯ ಬೆರೆತ ಪುಸ್ತಕ ಬಂದರೆ ಯಾವ ಕೊಂಬೆಗೆ ಕಟ್ಟೋದು? ಗಣಿತದ ತಲೆಗೆ ಇದು ಸರಿ ಕಾಣಲಿಲ್ಲ. ಒಂದು ದಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ನೋಡಿದರು. ಅದೇ ಪಟ್ಟಿ, ಅದೇ ನಟ್ಟು ಬೋಲ್ಟು, ಆದರೆ ಜೋಡಿಸಿದಂತೆಲ್ಲ ಬೇರೆ ಬೇರೆ ಯಂತ್ರ. ವಿಷಯಗಳನ್ನೂ ಹೀಗೇ ಬಿಡಿಭಾಗಗಳಿಂದ ಜೋಡಿಸಬಹುದಲ್ಲ ಅಂತ ಹೊಳೆಯಿತು. 1925ರಲ್ಲಿ ಊರಿಗೆ ಮರಳುವ ಹಡಗಿನಲ್ಲೇ, ಅಲ್ಲಿದ್ದ ಪುಟ್ಟ ಲೈಬ್ರರಿಯ ಪುಸ್ತಕಗಳನ್ನು ಹೊಸ ಲೆಕ್ಕದಲ್ಲಿ ಜೋಡಿಸಿ ನೋಡಿದರು. ಗಣಿತದ ಕೆಲಸ ಮತ್ತೆ ಕೇಳಲೇ ಇಲ್ಲ.

ಅದೇ ಕೋಲನ್ ವರ್ಗೀಕರಣ. ಒಂದು ದಾಖಲೆಯನ್ನು ಐದು ಮುಖಗಳಿಂದ ನೋಡು ಅನ್ನುತ್ತೆ ಅದು: ಮುಖ್ಯ ವಸ್ತು ಯಾವುದು, ಯಾವುದರಿಂದ ಆಗಿದೆ, ಅದರ ಮೇಲೆ ಏನು ನಡೆಯುತ್ತಿದೆ, ಎಲ್ಲಿ, ಯಾವಾಗ. ಪ್ರತಿ ಮುಖಕ್ಕೂ ಪ್ರತ್ಯೇಕ ಪಟ್ಟಿ. ಶ್ವಾಸಕೋಶಕ್ಕೆ 45, ಕ್ಷಯಕ್ಕೆ 421, ಭಾರತಕ್ಕೆ 44. ಬೇಕಾದ್ದನ್ನು ಆರಿಸಿ ಕೋಲನ್ ಹಾಕಿ ಪೋಣಿಸಿದರೆ ಭಾರತದಲ್ಲಿ ಶ್ವಾಸಕೋಶದ ಕ್ಷಯದ ಚಿಕಿತ್ಸೆ ಅನ್ನೋ ಪುಸ್ತಕಕ್ಕೆ ಸಂಖ್ಯೆ ರೆಡಿ. ಈ ಸಂಖ್ಯೆಯನ್ನು ಯಾರೂ ಮೊದಲೇ ಪಟ್ಟಿಯಲ್ಲಿ ಬರೆದಿಟ್ಟಿರಬೇಕಿಲ್ಲ.

ನಮ್ಮ ಭಾಷೆಗೆ ತರೋಣ. ಕಾರ್ಖಾನೆಯೊಂದರಲ್ಲಿ ಪಂಪಿನ ಡ್ರಾಯಿಂಗ್ ಇದೆ ಅನ್ನಿ. ಪ್ರಾಜೆಕ್ಟ್ ಫೋಲ್ಡರಿನಲ್ಲಿಟ್ಟರೆ ಮೇಂಟೆನೆನ್ಸ್‌ನವರಿಗೆ ಸಿಗಲ್ಲ, ಯಂತ್ರದ ಹೆಸರಿನಲ್ಲಿಟ್ಟರೆ ಆಡಿಟ್‌ನವರು ವರ್ಷ ಹಿಡಿದು ಹುಡುಕಿ ಸುಸ್ತಾಗ್ತಾರೆ. ಮೂರೂ ಕಡೆ ಕಾಪಿ ಹಾಕಿದರಂತೂ ಮುಗೀತು ಕಥೆ: ಒಂದು ತಿದ್ದುಪಡಿಯಾಗುತ್ತೆ, ಇನ್ನೆರಡು ಹಳೆಯದೇ ಉಳಿಯುತ್ತೆ, ಹಳೆಯ ಅಳತೆಯಲ್ಲಿ ಪಾರ್ಟ್ ತಯಾರಾಗುತ್ತೆ. ಷೇರ್‌ಪಾಯಿಂಟ್‌ನಂಥ ಸಾಫ್ಟ್‌ವೇರ್‌ನಲ್ಲಿ ಫೈಲ್ ಒಂದೇ; ಯಂತ್ರ, ಪ್ರಾಜೆಕ್ಟ್, ಘಟಕ, ವರ್ಷ ಅಂತ ಕಾಲಂಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಯಾರು ಯಾವ ಕಡೆಯಿಂದ ಬಂದರೂ ಅದೇ ಡ್ರಾಯಿಂಗ್ ಸಿಗುತ್ತೆ. ಶಾಪಿಂಗ್ ಸೈಟಿನ ಬದಿಯಲ್ಲಿ ಬಣ್ಣ, ಬೆಲೆ, ಬ್ರ್ಯಾಂಡ್ ಅಂತ ಫಿಲ್ಟರ್ ಹಾಕ್ತೀವಲ್ಲ, ಅದೂ ಇದೇ ಜಾತಿಗೆ ಸೇರಿದ್ದು.

ಹಾಗಂತ ಕೋಲನ್ ಪದ್ಧತಿ ಜಗತ್ತನ್ನೇನೂ ಗೆಲ್ಲಲಿಲ್ಲ. ಉದ್ದುದ್ದ ಸಂಖ್ಯೆಗಳು, ಆವೃತ್ತಿಯಿಂದ ಆವೃತ್ತಿಗೆ ಬದಲಾಗುವ ನಿಯಮಗಳು. ಹೆಚ್ಚಿನ ಲೈಬ್ರರಿಗಳು ಡ್ಯೂಯಿಯಲ್ಲೇ ಉಳಿದವು. ನಮಗನ್ನಿಸೋದು, ಅಡ್ಡ ಬಂದಿದ್ದು ಕಪಾಟು. ಎಷ್ಟೇ ಮುಖವಿದ್ದರೂ ಕಾಗದದ ಪುಸ್ತಕ ಕೊನೆಗೆ ಒಂದೇ ಜಾಗದಲ್ಲಿ ನಿಲ್ಲಬೇಕು. ಡೇಟಾಬೇಸ್‌ಗೆ ಆ ಕಟ್ಟುಪಾಡಿಲ್ಲ.

ಮೈಗಳ್ಳತನ ಅವರ ಹತ್ತಿರ ಸುಳಿದಿರಲಿಲ್ಲ. ಮದ್ರಾಸಿನಲ್ಲಿ 20 ವರ್ಷ ದುಡಿದ ಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿ ಸುಮಾರು 1 ಲಕ್ಷ ಪುಸ್ತಕಗಳನ್ನು ತಾವೇ ಕೂತು ವರ್ಗೀಕರಿಸಿದರು. ಆಮೇಲೆ ದೆಹಲಿ, ಜ್ಯೂರಿಕ್, ಉಜ್ಜಯಿನಿ. ಕೊನೆಗೆ ನೆಲೆ ನಿಂತಿದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಆಶ್ರಯದಲ್ಲಿ ಡಾಕ್ಯುಮೆಂಟೇಶನ್ ಕಲಿಸಲೆಂದೇ ಡಿಆರ್‌ಟಿಸಿ ಶುರು ಮಾಡಿದರು. ಸಂಶೋಧಕರಿಗೆ, ಉದ್ಯಮಗಳಿಗೆ ಇಡೀ ಪುಸ್ತಕಕ್ಕಿಂತ ಯಾವುದೋ ಪತ್ರಿಕೆಯ ನಾಲ್ಕು ಪುಟದ ಲೇಖನ ತುರ್ತಾಗಿ ಬೇಕಿರುತ್ತೆ. ಅದನ್ನು ಓದಿ, ಅದು ಯಾವುದರ ಬಗ್ಗೆ ಅಂತ ಬಿಡಿಸಿ ಬರೆಯಬಲ್ಲ ಜನರನ್ನು ತಯಾರು ಮಾಡೋದು ಕೆಲಸ. ಕಂಪನಿಗಳು ಎಡವೋದೂ ಇಲ್ಲೇ. ದುಬಾರಿ ಸಾಫ್ಟ್‌ವೇರ್ ಕೊಳ್ತಾರೆ, ಫೈಲ್ ಹಾಕುವಾಗ ಕಾಲಂ ತುಂಬಲು ಯಾರಿಗೂ ಪುರುಸೊತ್ತಿಲ್ಲ, ಎಲ್ಲದಕ್ಕೂ ‘ಇತರೆ’ ಅಂತ ಒತ್ತಿ ಮನೆಗೆ ಹೋಗ್ತಾರೆ. ಆರು ತಿಂಗಳಲ್ಲಿ ಆ ‘ಇತರೆ’ಯೇ ಹೊಸ ಗೋದಾಮು.

ಡಿಆರ್‌ಟಿಸಿ ಇವತ್ತಿಗೂ ಇದೆ, ಮೈಸೂರು ರಸ್ತೆಯ ಐಎಸ್‌ಐ ಆವರಣದಲ್ಲಿ. ರಂಗನಾಥನ್ ತೀರಿಕೊಂಡಿದ್ದು 1972ರ ಸೆಪ್ಟೆಂಬರ್ 27ರಂದು, ಬೆಂಗಳೂರಿನಲ್ಲೇ. ಆಗಲೂ ಕೋಲನ್ ವರ್ಗೀಕರಣದ ಏಳನೇ ಆವೃತ್ತಿಯ ಕೆಲಸ ಬಾಕಿ ಇತ್ತು. ಅದನ್ನು ಉಳಿದವರು ಮುಂದುವರಿಸಿ ಹೊರತಂದಿದ್ದು 1987ರಲ್ಲಿ.