ಕಾಫಿಪುಡಿ ಸಾಕಮ್ಮನವರು

ಉದ್ಯೋಗ ಹೂಡಿದವರ ಬಾಳು ತಕ್ಕಡಿಯಿದ್ದಂತೆ. ಒಂದು ತಟ್ಟೆಯಲ್ಲಿ ಕಸುಬಿನ ಹುಚ್ಚು, ಇನ್ನೊಂದರಲ್ಲಿ ಮನೆಮಠ. ಎರಡನ್ನೂ ಸರಿದೂಗಿಸುವುದೇ ಜಾಣತನವೆಂದು ಹಿರಿಯರು ಹೇಳುತ್ತಾರೆ. ಆದರೆ ವಿಧಿಯು ಒಂದು ತಟ್ಟೆಯನ್ನೇ ಕಿತ್ತುಕೊಂಡರೆ ಗತಿಯೇನು? ಇದಕ್ಕೆ ತಮ್ಮ ಬಾಳಿನಿಂದಲೇ ಉತ್ತರವಿತ್ತವರು ದೊಡ್ಡಮನೆ ಸಾಕಮ್ಮನವರು. ಹಾರಂಗಿಯ ನೀರು ಕುಡಿದು ಬೆಳೆದ ನನಗೆ, ಕೊಡಗಿನ ಕಾಫಿತೋಟದಿಂದ ಹೊರಟ ಈ ಬಾಳಿನ ಮೇಲೆ ವಿಶೇಷ ಅಭಿಮಾನ.

ಸಾಕಮ್ಮನವರು 1880ರಲ್ಲಿ ತುಮಕೂರು ಜಿಲ್ಲೆಯ ಬಿದರೆಯಲ್ಲಿ ಹುಟ್ಟಿದರು. ಹೆಣ್ಣುಮಕ್ಕಳ ಓದು ಅಪರೂಪವಾಗಿದ್ದ ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಶಾಲೆ ಕಲಿತರು. 16ನೆಯ ವಯಸ್ಸಿಗೆ ಕೊಡಗಿನ ಸಿರಿವಂತ ಕಾಫಿ ಬೆಳೆಗಾರರಾದ ದೊಡ್ಡಮನೆ ಚಿಕ್ಕಬಸಪ್ಪಶೆಟ್ಟರಿಗೆ ಮೂರನೆಯ ಹೆಂಡತಿಯಾಗಿ ಬಂದರು. ಎರಡು ವರ್ಷ ಕಳೆಯುವಷ್ಟರಲ್ಲಿ ಪತಿ ತೀರಿಕೊಂಡರು. ಸವತಿಯರಿಬ್ಬರೂ ಬಹುಕಾಲ ಉಳಿಯಲಿಲ್ಲ. ಹದಿನೆಂಟರ ತರುಣಿಯ ಕೈಗೆ ತೋಟದ ಭಾರವೆಲ್ಲ ಬಂದಿತು.

ಯಜಮಾನ ಸತ್ತನೆಂಬುದು ಕಾಫಿಗಿಡಕ್ಕೆ ತಿಳಿಯದು. ಹೂಮಳೆಯ ಹೊತ್ತಿಗೆ ಗಿಡ ಹೂಬಿಡುತ್ತದೆ, ಸುಗ್ಗಿಗೆ ಹಣ್ಣಾಗುತ್ತದೆ, ಕೊಯ್ಯದಿದ್ದರೆ ಉದುರುತ್ತದೆ. ಆಳುಗಳ ಕೂಲಿ, ಒಣಗಿಸುವ ಕಣ, ವರ್ತಕರ ಲೆಕ್ಕ, ಯಾವುದೂ ಶೋಕಕ್ಕಾಗಿ ಕಾಯುವುದಿಲ್ಲ. ಅಂದಿನ ಸಮಾಜ ವಿಧವೆಗೆ ಬಿಟ್ಟುಕೊಟ್ಟಿದ್ದುದು ಮನೆಯ ಒಂದು ಮೂಲೆಯನ್ನು ಮಾತ್ರ. ಸಾಕಮ್ಮನವರು ಆ ಮೂಲೆಯನ್ನು ಒಪ್ಪದೆ ತೋಟಕ್ಕಿಳಿದರು.

ಬೀಜ ಮಾರುವವನಿಗೆ ದಕ್ಕುವುದು ಬೇರೆಯವರು ಕಟ್ಟಿದ ಬೆಲೆ. ಹುರಿದು ಪುಡಿ ಮಾಡಿ ಮಾರಿದರೆ ಹೆಸರೂ ಲಾಭವೂ ತನ್ನದು. ಮುಂದೆ ಬೆಂಗಳೂರಿಗೆ ಬಂದ ಸಾಕಮ್ಮನವರು ಬಸವನಗುಡಿಯಲ್ಲಿ ಕಾಫಿಪುಡಿಯ ಕಾರ್ಖಾನೆಯನ್ನೇ ತೆರೆದರು. ನಗರದ ಮನೆಮನೆಗೆ ಕಾಫಿಯ ರೂಢಿ ಹಬ್ಬುತ್ತಿದ್ದ ಕಾಲವದು. ಜನರು ಕಸುಬನ್ನೇ ಹೆಸರಿಗೆ ಸೇರಿಸಿ ಅವರನ್ನು ಕಾಫಿಪುಡಿ ಸಾಕಮ್ಮನೆಂದು ಕರೆದರು. 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಅವರ ನಾಮಕರಣವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಬಿರುದಿತ್ತು ಗೌರವಿಸಿದರು. ಆಂಗ್ಲ ಸರ್ಕಾರ ಕೈಸರ್-ಎ-ಹಿಂದ್ ಪದಕ ನೀಡಿತು.

ದುಡಿಮೆಯು ಆಕೆಯ ಸ್ವಂತ ಬಾಳನ್ನು ನುಂಗಿಬಿಟ್ಟಿತೆ? ಸಹಪಾಠಿಗಳೊಡನೆ ಈ ಪ್ರಶ್ನೆಯನ್ನು ಚರ್ಚಿಸಿದಾಗ ಹಲವರು ಹೌದೆಂದರು. ನಾನು ಒಪ್ಪಲಾರೆ. ಗಳಿಸಿದ ಹಣದಲ್ಲಿ ಅವರು ತಮ್ಮ ಕುರುಹಿನಶೆಟ್ಟಿ ಸಮಾಜದ ಬಡ ವಿದ್ಯಾರ್ಥಿಗಳಿಗಾಗಿ ಉಚಿತ ವಸತಿನಿಲಯವನ್ನು ಸ್ಥಾಪಿಸಿದರು. ಊರು ಬಿಟ್ಟು ಓದಬಂದ ಹುಡುಗನಿಗೆ ಎರಡು ಹೊತ್ತಿನ ಅನ್ನ, ಮಲಗಲೊಂದು ಚಾಪೆ ಎಂದರೇನೆಂಬುದನ್ನು ನಮ್ಮಲ್ಲಿ ಅನೇಕರು ಬಲ್ಲೆವು. ವಿಧಿ ಕಸಿದ ಮನೆಯನ್ನು ಸಾಕಮ್ಮನವರು ದುಡಿದು ಮತ್ತೆ ಕಟ್ಟಿದರು. ಕಟ್ಟಿದ್ದು ಮಾತ್ರ ಪರರ ಮಕ್ಕಳಿಗಾಗಿ.

1950ರಲ್ಲಿ ಅವರು ಕಾಲವಾದರು. ಮನೆಯವರನ್ನು ಮರೆತು ದುಡಿಯಬೇಕೆಂಬುದು ಈ ಚರಿತ್ರೆಯ ಪಾಠವಲ್ಲ. ಕಾದು ಕುಳಿತವರು ಮನೆಯಲ್ಲಿರುವುದು ಭಾಗ್ಯ. ಆ ಭಾಗ್ಯವುಳ್ಳವರು ಹೊತ್ತಿಗೆ ಸರಿಯಾಗಿ ಮನೆ ಸೇರಲಿ. ಅದಿಲ್ಲದವರು ಕೈಕಟ್ಟಿ ಕೂರದಿರಲಿ. ಯಾರ ಗಳಿಕೆಯಾದರೂ ಕೊನೆಗೆ ಒಂದು ಒಲೆಯನ್ನು ಹೊತ್ತಿಸಲಿ, ಅದು ತನ್ನದಾಗಲಿ, ನೆರೆಯವರದಾಗಲಿ.