ಸಾವಿರ ಮುಖಗಳ ನಟ ಲಾನ್ ಚೇನಿ

ನಮ್ಮ ಲಾಕ್ಷಣಿಕರು ಭಯಾನಕವನ್ನೂ ಬೀಭತ್ಸವನ್ನೂ ರಸಗಳೆಂದೇ ಎಣಿಸಿದರು. ಶೃಂಗಾರ, ವೀರಗಳ ಪಂಕ್ತಿಯಲ್ಲಿ ಅವಕ್ಕೂ ಎಲೆ ಹಾಕಿದರು. ಆದರೂ ಭಯದ ಚಲಚ್ಚಿತ್ರವೆಂದರೆ ಅಗ್ಗದ ಸರಕೆಂದು ಮೂಗು ಮುರಿಯುವವರು ನಮ್ಮಲ್ಲಿ ಕಡಮೆಯಿಲ್ಲ. ಅಂಥವರ ಮುಂದೆ ಒಬ್ಬ ನಟನ ಬಾಳನ್ನು ಇಡಬೇಕೆಂಬುದು ನನ್ನ ಆಸೆ. ಆತನೇ ಅಮೆರಿಕದ ಮೂಕಚಿತ್ರಗಳ ಕಾಲದ ಲಾನ್ ಚೇನಿ.

ಚೇನಿ ಹುಟ್ಟಿದ್ದು 1883ರ ಏಪ್ರಿಲ್ 1ರಂದು, ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ. ತಂದೆ ತಾಯಿ ಇಬ್ಬರಿಗೂ ಕಿವಿ ಕೇಳದು. ಮನೆಯ ಮಾತೆಲ್ಲ ಕೈಸನ್ನೆಯದೇ. ತಂದೆಯದು ಕ್ಷೌರದ ಕಸುಬು. ಚೇನಿ ಇನ್ನೂ ಹುಡುಗನಾಗಿದ್ದಾಗಲೇ ತಾಯಿ ವಾತರೋಗದಿಂದ ಹಾಸಿಗೆ ಹಿಡಿದಳು. ಮಗ ಶಾಲೆ ಬಿಟ್ಟು ಆಕೆಯ ಶುಶ್ರೂಷೆಗೆ ನಿಂತ. ಊರಿನಲ್ಲಿ ಆ ದಿನ ಏನು ನಡೆಯಿತೆಂಬುದನ್ನು ಕೈ, ಕಣ್ಣು, ಮುಖಗಳಿಂದ ಅಭಿನಯಿಸಿ ತಾಯಿಗೆ ತಿಳಿಸುವುದು ಆತನ ನಿತ್ಯದ ಕೆಲಸವಾಯಿತು. ಬೇರೆ ನಾಟಕಶಾಲೆಯೆಂಬುದು ಆತನಿಗೆ ಇರಲಿಲ್ಲ.

ಮುಂದೆ ಊರೂರು ಅಲೆಯುವ ನಾಟಕ ಮಂಡಲಿಗಳಲ್ಲಿ ವರ್ಷಗಟ್ಟಲೆ ದುಡಿದ. ಗಾಯಕಿಯೊಬ್ಬಳನ್ನು ಮದುವೆಯಾದ, 1906ರಲ್ಲಿ ಮಗ ಹುಟ್ಟಿದ. ಆದರೆ ಸಂಸಾರ ಸುಖದ್ದಾಗಲಿಲ್ಲ. 1913ರಲ್ಲಿ ಹೆಂಡತಿ ವಿಷ ಕುಡಿದಳು. ಜೀವ ಉಳಿಯಿತು, ಹಾಡುವ ದನಿ ಹೋಯಿತು. ದಂಪತಿಗಳು ಬೇರೆಯಾದರು. ರಂಗಭೂಮಿಯಿಂದ ದೂರವಾದ ಚೇನಿ ಹೊಟ್ಟೆಪಾಡಿಗಾಗಿ ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಹಿಡಿದ. 1919ರ ‘ದಿ ಮಿರಾಕಲ್ ಮ್ಯಾನ್’ ಚಿತ್ರದಲ್ಲಿ ಕೈಕಾಲು ಸೊಟ್ಟಗಾದವನಂತೆ ನಟಿಸುವ ವಂಚಕನಾಗಿ ಕಾಣಿಸಿಕೊಂಡ ಮೇಲೆ ಆತನ ಹೆಸರು ಮನೆಮಾತಾಯಿತು.

ಚೇನಿ ತನ್ನ ಮುಖದ ಬಣ್ಣವನ್ನು ತಾನೇ ಬಳಿದುಕೊಳ್ಳುತ್ತಿದ್ದ. 1923ರಲ್ಲಿ ವಿಕ್ಟರ್ ಹ್ಯೂಗೋವಿನ ಕಾದಂಬರಿ ಚಿತ್ರವಾದಾಗ ನೋಟರ್‌ಡಾಮ್ ಗುಡಿಯ ಗಂಟೆ ಬಾರಿಸುವ ಗೂನ ಕ್ವಾಸಿಮೋಡೋ ಆದ. ಆ ಪಾತ್ರ ಕಿವುಡನದು. ಕಿವುಡರ ಮಗನಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಈ ಚಿತ್ರವನ್ನು ನಾನು ಮೊಬೈಲಿನಲ್ಲಿ ನೋಡುತ್ತಿದ್ದಾಗ ನನ್ನ ಅವ್ವ ಪಕ್ಕದಲ್ಲಿ ಬಂದು ಕುಳಿತಳು. ಅವ್ವನಿಗೆ ಕನ್ನಡವನ್ನೇ ಓದಲು ಬಾರದು. ತೆರೆಯ ಮೇಲಿನ ಇಂಗ್ಲಿಷು ಬರಹದ ಮಾತು ದೂರವೇ ಉಳಿಯಿತು. ಛಡಿಯೇಟು ತಿಂದ ಗೂನ ನೀರಿಗಾಗಿ ಹಂಬಲಿಸುವ ಘಟ್ಟ ಬಂತು. ಜನ ನಗುತ್ತಾರೆ, ಎಸ್ಮೆರಾಲ್ಡಾ ಒಬ್ಬಳೇ ನೀರು ಕುಡಿಸುತ್ತಾಳೆ. ಪಾಪ, ಮೊದಲೇ ಯಾರಾದರೂ ಕೊಡಬಾರದಿತ್ತೇ ಎಂದು ಅವ್ವ ಕಣ್ಣೊರಸಿಕೊಂಡಳು. ನಾನು ಒಂದು ಮಾತನ್ನೂ ಬಿಡಿಸಿ ಹೇಳಿರಲಿಲ್ಲ. ನೂರು ವರ್ಷದ ಹಿಂದೆ ಸತ್ತ ಮೌನಭಾಷೆಯೆಂದು ನಾವು ತಿಳಿದದ್ದು ಅವ್ವನಿಗೆ ನೇರವಾಗಿ ಮುಟ್ಟಿತು.

1925ರ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ ಚಿತ್ರದಲ್ಲಿ ಚೇನಿಯ ಮುಖ ಹೇಗಿದೆಯೆಂಬುದನ್ನು ಬಿಡುಗಡೆಯಾಗುವವರೆಗೂ ಗುಟ್ಟಾಗಿಟ್ಟಿದ್ದರು. ವಾದ್ಯ ನುಡಿಸುತ್ತಿರುವವನ ಮುಖವಾಡವನ್ನು ನಾಯಕಿ ಹಿಂದಿನಿಂದ ಕಿತ್ತಾಗ ಇಂದಿಗೂ ಎದೆ ಝಲ್ಲೆನ್ನುತ್ತದೆ. ಆದರೆ ಕೊನೆಯನ್ನು ನೋಡಬೇಕು. ಜನರ ಗುಂಪು ಅಟ್ಟಿಸಿಕೊಂಡು ಬಂದಾಗ ಆತ ಏನೋ ಆಯುಧವಿದ್ದಂತೆ ಮುಷ್ಟಿ ಎತ್ತುತ್ತಾನೆ, ಗುಂಪು ಹಿಂಜರಿಯುತ್ತದೆ. ಮರುಕ್ಷಣ ಆತ ನಕ್ಕು ಮುಷ್ಟಿ ಬಿಚ್ಚಿದರೆ ಅಂಗೈ ಬರಿದು. ಭಯಾನಕವು ಕರುಣಕ್ಕೆ ತಿರುಗುವ ಬಗೆ ಇದು. ಚೇನಿಯ ವಿಕಾರರೂಪಿಗಳನ್ನು ಕಂಡು ನಾವು ಮೊದಲು ಬೆದರುತ್ತೇವೆ. ಆಮೇಲೆ, ಬೆದರಿದ್ದಕ್ಕಾಗಿ ನಾಚುತ್ತೇವೆ.

ಶಾಲೆಯನ್ನು ಅರ್ಧಕ್ಕೇ ಬಿಟ್ಟ ಈ ಮನುಷ್ಯನೇ ‘ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ’ದ 1929ರ ಆವೃತ್ತಿಗೆ ಮುಖವರ್ಣಿಕೆಯ ವಿಷಯ ಬರೆದುಕೊಟ್ಟ. ಮನೆತನದಲ್ಲಿ ಮೊದಲಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಈ ಸಂಗತಿ ಎರಡು ಪಾಠ ಹೇಳುತ್ತದೆ. ವಿದ್ಯೆ ಪದವಿಗಿಂತ ದೊಡ್ಡದು ಎಂಬುದು ಒಂದು. ಓದು ಬಾರದ ಮನೆಯಲ್ಲಿಯೂ ವಿದ್ಯೆ ಇರುತ್ತದೆ ಎಂಬುದು ಇನ್ನೊಂದು.

ಅಷ್ಟರಲ್ಲಿ ವಾಕ್ಚಿತ್ರಗಳು ಬಂದವು. 1930ರಲ್ಲಿ ‘ದಿ ಅನ್‌ಹೋಲಿ ಥ್ರೀ’ ಚಿತ್ರದಲ್ಲಿ ಚೇನಿ ಐದು ಬೇರೆ ಬೇರೆ ದನಿಗಳಲ್ಲಿ ಮಾತನಾಡಿ ಎಲ್ಲರನ್ನೂ ಬೆರಗುಗೊಳಿಸಿದ. ಅದೇ ಆತನ ಮೊದಲ ವಾಕ್ಚಿತ್ರ, ಕೊನೆಯದೂ ಅದೇ. ಕ್ಯಾನ್ಸರ್ ಆಗಲೇ ಆತನನ್ನು ಹಿಡಿದಿತ್ತು. ಕಡೆಯ ದಿನಗಳಲ್ಲಿ ದನಿ ಅಡಗಿಹೋಗಿ, ತಾಯಿಯೊಡನೆ ಆಡಿದ ಕೈಸನ್ನೆಯೇ ಮತ್ತೆ ಆತನ ಮಾತಾಯಿತು. 1930ರ ಆಗಸ್ಟ್ 26ರಂದು, 47ನೆಯ ವಯಸ್ಸಿನಲ್ಲಿ ತೀರಿಕೊಂಡ.

ಆತನ ಚಿತ್ರಗಳಲ್ಲಿ ಅನೇಕವು ಇಂದು ಉಳಿದಿಲ್ಲ. 1927ರ ‘ಲಂಡನ್ ಆಫ್ಟರ್ ಮಿಡ್‌ನೈಟ್’ ಚಿತ್ರದ ಕೊನೆಯ ಪ್ರತಿ 1960ರ ದಶಕದಲ್ಲಿ ಬೆಂಕಿಗೆ ಆಹುತಿಯಾಯಿತು. ಹಳೆಯದನ್ನು ಹಳೆಯದೆಂದು ಅಲಕ್ಷಿಸಿದರೆ ಆಗುವ ನಷ್ಟ ಇಂಥದು. ಉಳಿದಿರುವುದನ್ನಾದರೂ ಗೆಳೆಯರು ನೋಡಬೇಕು; ಸಾಧ್ಯವಾದರೆ ಮನೆಯ ಹಿರಿಯರನ್ನೂ ಜೊತೆಗೆ ಕೂರಿಸಿಕೊಂಡು.